ರಾತ್ರಿಯ ದೀರ್ಘ ವಿಮಾನಯಾನ: ನಿದ್ರೆಯ ಉಡುಪು ಮತ್ತು ಮರುದಿನದ ವ್ಯವಹಾರ

ವಿದೇಶಗಳಲ್ಲಿ ನಡೆಯುವ ವ್ಯಾಪಾರ ಮೇಳಗಳಿಗೆ ಹೋಗಿಬರುವುದು ಇಂದು ದೊಡ್ಡ ಉದ್ದಿಮೆದಾರರಿಗೆ ಮಾತ್ರ ಮೀಸಲಾದ ಸಂಗತಿಯಲ್ಲ. ಯಂತ್ರೋಪಕರಣ ತಯಾರಕರು ಹ್ಯಾನೋವರ್‌ಗೆ, ಗೃಹಾಲಂಕಾರ ಸಾಮಗ್ರಿಗಳವರು ಫ್ರಾಂಕ್‌ಫರ್ಟ್‌ಗೆ, ಆಟಿಕೆಯವರು ನ್ಯೂರೆಂಬರ್ಗ್‌ಗೆ, ಬಹುತೇಕ ಎಲ್ಲ ಬಗೆಯ ವರ್ತಕರು ಗುವಾಂಗ್‌ಝೌ ನಗರದ ಕ್ಯಾಂಟನ್ ಮೇಳಕ್ಕೆ ಹೋಗುವುದು ವಾಡಿಕೆಯಾಗಿದೆ. ವೀಸಾ, ವಿದೇಶಿ ವಿನಿಮಯ, ಮಾದರಿ ಸರಕು, ಬೆಲೆಪಟ್ಟಿ ಇವೆಲ್ಲಕ್ಕೂ ಒಂದೊಂದು ಕಡತ ಸಿದ್ಧವಾಗುತ್ತದೆ. ಆದರೆ ವಿಮಾನದಲ್ಲಿ ಕಳೆಯಬೇಕಾದ ರಾತ್ರಿಯನ್ನು ಯಾವ ಉಡುಪಿನಲ್ಲಿ ಕಳೆಯಬೇಕೆಂಬ ಪ್ರಶ್ನೆ ಬಹುಮಟ್ಟಿಗೆ ಯಾರ ಗಮನಕ್ಕೂ ಬರುವುದಿಲ್ಲ. ಹೊರಡುವ ಸಂಜೆ ಕೈಗೆ ಸಿಕ್ಕ ಜೀನ್ಸ್, ಅಥವಾ ಮರುದಿನ ಗ್ರಾಹಕರ ಮುಂದೆ ನಿಲ್ಲಬೇಕಾದ ಇಸ್ತ್ರಿ ಮಾಡಿದ ಸೂಟು, ಇವೆರಡರಲ್ಲಿ ಒಂದನ್ನು ಧರಿಸಿ ಹೊರಟುಬಿಡುವುದೇ ಹೆಚ್ಚು. ಇವೆರಡೂ ತಪ್ಪು ಆಯ್ಕೆಗಳು.

ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ತುಮಕೂರಿನ ಒಬ್ಬ ಕರಕುಶಲ ವಸ್ತುಗಳ ತಯಾರಕರು ಫೆಬ್ರವರಿ ತಿಂಗಳಲ್ಲಿ ಫ್ರಾಂಕ್‌ಫರ್ಟ್ ಮೇಳಕ್ಕೆ ಹೊರಟಿದ್ದಾರೆಂದು ಭಾವಿಸೋಣ. ವಿಮಾನ ಬೆಂಗಳೂರಿನಿಂದ ಹೊರಡುವುದು ನಸುಕಿನ 3 ಗಂಟೆಗೆ. ಮೂರು ಗಂಟೆ ಮುಂಚಿತವಾಗಿ ನಿಲ್ದಾಣದಲ್ಲಿರಬೇಕಾದ್ದರಿಂದ, ದಾರಿಯ ವಾಹನದಟ್ಟಣೆಯನ್ನೂ ಲೆಕ್ಕ ಹಿಡಿದು, ಮನೆ ಬಿಡುವುದು ರಾತ್ರಿ 7ಕ್ಕೆ. ಇಳಿಯುವುದು ಅಲ್ಲಿನ ಬೆಳಿಗ್ಗೆ 8ಕ್ಕೆ, ಅಂದರೆ ಭಾರತದ ಮಧ್ಯಾಹ್ನ 12-30ಕ್ಕೆ. ಹೋಟೆಲಿನ ಕೊಠಡಿ ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3ರ ನಂತರವೇ ಸಿಗುವುದು. ಮೇಳ ತೆರೆಯುವುದು ಬೆಳಿಗ್ಗೆ 9ಕ್ಕೆ. ಹೀಗಾಗಿ ಅವರು ನಿಲ್ದಾಣದಿಂದ ನೇರವಾಗಿ ಮೇಳಕ್ಕೆ ಹೋಗಿ ಸಂಜೆ 6ರವರೆಗೆ ಅಲ್ಲೇ ಇರುತ್ತಾರೆ. ಮನೆ ಬಿಟ್ಟಾಗ ತೊಟ್ಟ ಬಟ್ಟೆಯನ್ನು ಬದಲಿಸದಿದ್ದರೆ ಒಂದೇ ಉಡುಪು ಇಪ್ಪತ್ತೇಳೂವರೆ ಗಂಟೆಗಳ ಕಾಲ ಮೈಮೇಲಿರುತ್ತದೆ. ಅದರಲ್ಲಿ ಒಂಬತ್ತೂವರೆ ಗಂಟೆ ಅದು ಹಾಸಿಗೆಯ ಬಟ್ಟೆ. ಕೊನೆಯ ಒಂಬತ್ತು ಗಂಟೆ ಅದೇ ಅಂಗಡಿಯ ಮುಖ. ಒಂದೇ ಉಡುಪಿನಿಂದ ಈ ಎರಡು ಕೆಲಸಗಳನ್ನೂ ಮಾಡಿಸಲು ಹೊರಟರೆ ನಿದ್ರೆಯೂ ಕೆಡುತ್ತದೆ, ಮುಖವೂ ಕೆಡುತ್ತದೆ.

ಇದನ್ನು ಅಂಕಿಗಳಲ್ಲಿ ನೋಡುವುದು ವರ್ತಕರಿಗೆ ಹೆಚ್ಚು ಸುಲಭ. ಟಿಕೆಟ್ಟು, ವಸತಿ, ಮಳಿಗೆ ಬಾಡಿಗೆ ಎಲ್ಲ ಸೇರಿ ಮೂರು ದಿನಗಳ ಮೇಳಕ್ಕೆ ಮೂರು ಲಕ್ಷ ರೂಪಾಯಿ ತಗಲುತ್ತದೆಂದೂ, ದಿನಕ್ಕೆ ಎಂಟು ಗಂಟೆ ವ್ಯವಹಾರಕ್ಕೆ ಸಿಗುತ್ತದೆಂದೂ ಇಟ್ಟುಕೊಂಡರೆ ಪ್ರತಿ ಗಂಟೆಯ ವೆಚ್ಚ 12,500 ರೂಪಾಯಿ. ನಿದ್ರೆಗೆಟ್ಟು ಮೊದಲ ಅರ್ಧ ದಿನ ಮಂಕಾಗಿ ಕುಳಿತರೆ ನಷ್ಟ 50,000 ರೂಪಾಯಿ. ಬಿಸಿನೆಸ್ ದರ್ಜೆಯ ಮಲಗುವ ಆಸನಕ್ಕೆ ತೆರಬೇಕಾದ ಹೆಚ್ಚುವರಿ ಹಣ ಸಣ್ಣ ಉದ್ದಿಮೆಗೆ ಎಟಕುವಂಥದ್ದಲ್ಲ. ನಾಲ್ಕೈದು ಸಾವಿರ ರೂಪಾಯಿಯ ಬಟ್ಟೆ ಮಾತ್ರ ಎಲ್ಲರಿಗೂ ಎಟಕುತ್ತದೆ.

ವಿಮಾನದೊಳಗಿನ ಹವೆ

ಉಡುಪಿನ ಆಯ್ಕೆಗೆ ಮೊದಲು ಆ ಕೋಣೆಯ ಹವೆಯನ್ನು ತಿಳಿದಿರಬೇಕು. ಹಾರುತ್ತಿರುವ ವಿಮಾನದ ಒಳಗಿನ ಗಾಳಿಯ ಒತ್ತಡವು ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಮಾತ್ರ ಇರುತ್ತದೆ. ಮುಳ್ಳಯ್ಯನಗಿರಿಯ ತುದಿ 6,300 ಅಡಿಗಳ ಆಸುಪಾಸಿನದೆಂಬುದನ್ನು ನೆನೆದರೆ ಇದರ ಅಂದಾಜು ಸಿಗುತ್ತದೆ. ಒತ್ತಡ ಕಡಿಮೆಯಾದಾಗ ಹೊಟ್ಟೆ ಮತ್ತು ಕರುಳಿನಲ್ಲಿರುವ ಗಾಳಿ ಹಿಗ್ಗುತ್ತದೆ. 8,000 ಅಡಿಯ ಒತ್ತಡದಲ್ಲಿ ಸಮುದ್ರಮಟ್ಟಕ್ಕಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚು ಜಾಗವನ್ನು ಅದು ಬೇಡುತ್ತದೆ. ನೆಲದ ಮೇಲೆ ಸರಿಯಾಗಿದ್ದ ಬೆಲ್ಟು ಮೇಲೆ ಹೋದ ನಂತರ ಬಿಗಿಯಾಗುವುದಕ್ಕೆ ಊಟವೊಂದೇ ಕಾರಣವಲ್ಲ.

ಗಾಳಿಯ ತೇವಾಂಶ ಬಹುತೇಕ ವಿಮಾನಗಳಲ್ಲಿ ಶೇಕಡಾ 10ರಿಂದ 20ರಷ್ಟು ಮಾತ್ರ. ಚರ್ಮ, ತುಟಿ, ಕಣ್ಣು ಒಣಗುತ್ತವೆ. ಒರಟು ಬಟ್ಟೆ ಕೆರೆತವನ್ನುಂಟುಮಾಡುತ್ತದೆ. ಉಷ್ಣತೆ ಹಗಲಿನ ಲೆಕ್ಕದಲ್ಲಿ ಹಿತವಾಗಿಯೇ ಇರುತ್ತದೆ. ಆದರೆ ನಿದ್ರೆಯಲ್ಲಿ ದೇಹದ ಒಳ ಉಷ್ಣತೆ ತಾನಾಗಿಯೇ ಇಳಿಯುವುದರಿಂದ, ಎಚ್ಚರವಿದ್ದಾಗ ಹಿತವೆನಿಸಿದ ಗಾಳಿಯೇ ಎರಡು ಗಂಟೆಯ ನಂತರ ಚಳಿಯೆನಿಸುತ್ತದೆ. ಕಿಟಕಿಯ ಬದಿಗೂ ಬಾಗಿಲಿನ ಹತ್ತಿರದ ಸಾಲಿಗೂ ಚಳಿ ಇನ್ನಷ್ಟು ಹೆಚ್ಚು. ಆದಕಾರಣ ದಪ್ಪನೆಯ ಒಂದೇ ಬಟ್ಟೆಗಿಂತ ತೆಳುವಾದ ಎರಡು ಮೂರು ಪದರಗಳು ಲೇಸು: ಒಳಗೆ ಹತ್ತಿಯ ಬನಿಯನ್, ಅದರ ಮೇಲೆ ಪೂರ್ಣ ತೋಳಿನ ಸಡಿಲವಾದ ಹತ್ತಿಯ ಅಂಗಿ, ಅದರ ಮೇಲೆ ಗುಂಡಿಯೋ ಜಿಪ್ಪೋ ಇರುವ ಉಣ್ಣೆಯ ಸ್ವೆಟರ್. ತಲೆಯ ಮೇಲಿಂದ ತೆಗೆಯಬೇಕಾದ ಸ್ವೆಟರ್ ಆದರೆ ಪಕ್ಕದವರಿಗೆ ಮೊಣಕೈ ತಗಲದೆ ಇರದು. ಕೆಳಗೆ ಲಾಡಿ ಅಥವಾ ಮೃದು ಎಲಾಸ್ಟಿಕ್ ಇರುವ, ಪಾದದ ಗಂಟಿನವರೆಗೆ ಬರುವ ಪೈಜಾಮ. ಬೆಲ್ಟು ಚೀಲದಲ್ಲಿರಲಿ, ಭದ್ರತಾ ತಪಾಸಣೆಯಲ್ಲಿಯೂ ಇದರಿಂದ ಒಂದು ತೊಡಕು ಕಡಿಮೆ.

ಹೊದೆಯಲು ವಿಮಾನದವರು ಕೊಡುವ ಕಂಬಳಿ ತೆಳು. ಕೆಲವು ಅಗ್ಗದ ಸೇವೆಗಳಲ್ಲಿ ಅದೂ ಇಲ್ಲ. ಒಂದು ಉಣ್ಣೆಯ ಶಾಲು ಜೊತೆಯಲ್ಲಿರಬೇಕು. ಸಂಘ ಸಂಸ್ಥೆಗಳ ಸನ್ಮಾನಗಳಲ್ಲಿ ಹೊದಿಸುವ ಜರಿಯಂಚಿನ ಶಾಲುಗಳು ವರ್ತಕರ ಮನೆಗಳಲ್ಲಿ ಹೇರಳವಾಗಿರುತ್ತವೆಯಾದರೂ ಅವು ಗೌರವಕ್ಕೆ ಆಗುತ್ತವೆಯೇ ಹೊರತು ಚಳಿಗೆ ಆಗುವುದಿಲ್ಲ. ಕಂಬಳಿಯಾಗಲಿ ಶಾಲಾಗಲಿ, ಸೀಟ್ ಬೆಲ್ಟ್ ಅದರ ಮೇಲೆ ಕಾಣುವಂತಿರಬೇಕು. ಬೆಲ್ಟು ಒಳಗಿದ್ದರೆ ವಿಮಾನ ಕುಲುಕಿದಾಗಲೆಲ್ಲ ಸಿಬ್ಬಂದಿ ಬಂದು ಎಬ್ಬಿಸುವುದು ಅನಿವಾರ್ಯವಾಗುತ್ತದೆ. ಬೆಲ್ಟನ್ನೇ ಕಟ್ಟದೆ ಮಲಗುವುದಂತೂ ಕೂಡದು. 21 ಮೇ 2024ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ವಿಮಾನವು ತೀವ್ರ ಗಾಳಿಯ ಏರಿಳಿತಕ್ಕೆ ಸಿಲುಕಿ ಒಬ್ಬ ಪ್ರಯಾಣಿಕರು ಮೃತಪಟ್ಟು ಅನೇಕರು ಗಾಯಗೊಂಡರು.

ಕಾಲುಗಳ ವಿಷಯ

ಮೇಲಿನದೆಲ್ಲ ಹಿತಕ್ಕೆ ಸಂಬಂಧಿಸಿದ್ದು. ಕಾಲಿಗೆ ಸಂಬಂಧಿಸಿದ್ದು ಪ್ರಾಣಕ್ಕೆ ಸಂಬಂಧಿಸಿದ್ದಾಗಬಹುದು. ಗಂಟೆಗಟ್ಟಲೆ ಮೊಣಕಾಲು ಮಡಚಿ ಅಲುಗಾಡದೆ ಕುಳಿತಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸ ನಿಲ್ಲುತ್ತದೆ. ಪಾದ ಊದಿಕೊಳ್ಳುವುದು ಎಲ್ಲರ ಅನುಭವ. ಕೆಲವರಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಸಾವೂ ಸಂಭವಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ವರದಿಯ ಪ್ರಕಾರ ನಾಲ್ಕು ಗಂಟೆಗೂ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತರಲ್ಲಿ ಒಟ್ಟು ಪ್ರಮಾಣ ಅಲ್ಪವೇ: ಅಂತಹ ಸುಮಾರು 6,000 ಪ್ರಯಾಣಗಳಿಗೆ ಒಂದು. ಆದರೆ ಸ್ಥೂಲಕಾಯದವರು, ಹಿಂದೊಮ್ಮೆ ಹೆಪ್ಪುಗಟ್ಟಿದ ಇತಿಹಾಸವುಳ್ಳವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು, ಗರ್ಭನಿರೋಧಕ ಮಾತ್ರೆ ಸೇವಿಸುವವರು ಇವರಲ್ಲಿ ಅಪಾಯ ಹೆಚ್ಚು. ತೀರ ಎತ್ತರದವರಿಗೂ ತೀರ ಕುಳ್ಳರಿಗೂ ಅಪಾಯ ಅಧಿಕವೆಂದು ಅದೇ ಅಧ್ಯಯನ ಗುರುತಿಸಿದೆ. ಆಸನದ ಅಳತೆ ಎಲ್ಲರಿಗೂ ಒಂದೇ ಆಗಿರುವುದನ್ನು ಇಲ್ಲಿ ನೆನೆಯಬಹುದು.

ಇದಕ್ಕೆ ಉಡುಪಿನಲ್ಲಿಯೇ ಒಂದು ಉಪಾಯವಿದೆ. ಪಾದದ ಗಂಟಿನ ಬಳಿ ಹೆಚ್ಚು ಬಿಗಿಯಾಗಿ, ಮೊಣಕಾಲಿನತ್ತ ಏರಿದಂತೆ ಸಡಿಲವಾಗುತ್ತ ಹೋಗುವ ಕಂಪ್ರೆಷನ್ ಕಾಲುಚೀಲಗಳು ಔಷಧಿ ಅಂಗಡಿಗಳಲ್ಲಿ ದೊರೆಯುತ್ತವೆ. ಕಾಕ್ರೇನ್ ಸಂಸ್ಥೆಯು 2021ರಲ್ಲಿ ನವೀಕರಿಸಿದ ಪರಿಶೀಲನೆಯಲ್ಲಿ ವಿಮಾನ ಪ್ರಯಾಣಿಕರ ಮೇಲೆ ನಡೆದ 12 ಪ್ರಯೋಗಗಳನ್ನು ಒಟ್ಟುಗೂಡಿಸಲಾಗಿದೆ. ಲಕ್ಷಣ ತೋರದ ಹೆಪ್ಪು ಪತ್ತೆಯಾದ 50 ಮಂದಿಯಲ್ಲಿ ಈ ಕಾಲುಚೀಲ ಧರಿಸಿದ್ದವರು 3 ಮಂದಿ, ಧರಿಸದಿದ್ದವರು 47 ಮಂದಿ. ಕಾಲಿನ ಊತವೂ ಧರಿಸಿದವರಲ್ಲಿ ಕಡಿಮೆ. ಸಾವನ್ನು ಇದು ತಡೆಯುತ್ತದೆಯೇ ಎಂಬುದನ್ನು ಈ ಪ್ರಯೋಗಗಳಿಂದ ನಿರ್ಣಯಿಸಲು ಬರುವುದಿಲ್ಲ, ಏಕೆಂದರೆ ಭಾಗವಹಿಸಿದವರಲ್ಲಿ ಯಾರೂ ಸಾಯಲಿಲ್ಲ. ಆದರೂ ಇಷ್ಟು ಅಲ್ಪ ವೆಚ್ಚಕ್ಕೆ ಇಷ್ಟು ಅಂತರ ತೋರುವ ವಿಮೆ ಬೇರೊಂದು ಸಿಗಲಾರದು.

ಕೊಳ್ಳುವಾಗ ಗಾತ್ರವನ್ನು ಊಹೆಯಿಂದ ಹೇಳಬಾರದು. ಬೆಳಿಗ್ಗೆ, ಕಾಲು ಊದುವ ಮೊದಲು, ಪಾದದ ಗಂಟಿನ ಮತ್ತು ಮೀನಖಂಡದ ಸುತ್ತಳತೆಗಳನ್ನು ತೆಗೆದುಕೊಂಡು ಹೋಗಬೇಕು. ಪ್ರಯಾಣಕ್ಕೆ ಸಾಮಾನ್ಯವಾಗಿ ಸೂಚಿಸುವ ಒತ್ತಡ ಪಾದದ ಗಂಟಿನ ಬಳಿ 15ರಿಂದ 30 ಮಿಲಿಮೀಟರ್ ಪಾದರಸ. ಮೊಣಕಾಲಿನ ಕೆಳಗಿನವರೆಗೆ ಬರುವಂಥದ್ದು ಸಾಕು. ಅದನ್ನು ಮಡಚಬಾರದು, ಸುರುಟಿಕೊಳ್ಳಲು ಬಿಡಬಾರದು. ಸಾಧಾರಣ ಕಾಲುಚೀಲದ ಬಾಯಿಯಲ್ಲಿರುವ ಬಿಗಿ ಎಲಾಸ್ಟಿಕ್ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುತ್ತದೆ. ಅದು ಮೇಲ್ಭಾಗವನ್ನು ಹಿಸುಕಿ ಕೆಳಗಿನ ರಕ್ತವನ್ನು ತಡೆಯುತ್ತದೆ. ಮೊಣಕಾಲಿನ ಹಿಂಭಾಗದಲ್ಲಿ ಗಟ್ಟಿಯಾಗಿ ಮುದುರುವ ಜೀನ್ಸ್ ಬೇಡವೆನ್ನುವುದಕ್ಕೂ ಇದೇ ಕಾರಣ.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕಾಲಿಗೆ ರಕ್ತ ಒಯ್ಯುವ ಶುದ್ಧರಕ್ತನಾಳಗಳು ಕಿರಿದಾಗಿರುವವರಿಗೆ ಹಾಗೂ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರಿಗೆ ಈ ಕಾಲುಚೀಲಗಳಿಂದ ಹಾನಿಯೇ ಆಗಬಹುದು. ಗದ್ದಿಗೆಯ ಮೇಲೆ ಕುಳಿತು ವ್ಯಾಪಾರ ಮಾಡುವವರಲ್ಲಿ ಸಕ್ಕರೆ ಕಾಯಿಲೆ ಅಪರೂಪವೇನಲ್ಲ. ಅಂಥವರು ವೈದ್ಯರನ್ನು ಕೇಳದೆ ಇದನ್ನು ಧರಿಸಕೂಡದು. ಗಾಢ ನಿದ್ರೆಯ ಮಾತ್ರೆ ನುಂಗಿ, ಅಥವಾ ಉಚಿತವೆಂದು ಮದ್ಯ ಸೇವಿಸಿ, ಕಟ್ಟಿಗೆಯಂತೆ ಬಿದ್ದುಕೊಂಡವರಿಗೆ ಯಾವ ಕಾಲುಚೀಲವೂ ಪೂರ್ಣ ರಕ್ಷಣೆ ಕೊಡಲಾರದು. ಎಚ್ಚರವಾದಾಗಲೆಲ್ಲ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಇಳಿದ ನಂತರ, ಕೆಲವು ವಾರಗಳವರೆಗೂ, ಒಂದೇ ಕಾಲಿನಲ್ಲಿ ನೋವು ಮತ್ತು ಊತ ಕಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಮೇಳದ ಕೆಲಸ ಮುಗಿಸಿ ಊರಿಗೆ ಹೋಗಿ ತೋರಿಸೋಣವೆಂದು ಕಾಯುವುದು ಮಹಾಪರಾಧವಾಗುತ್ತದೆ.

ನೂಲು ಮತ್ತು ಪಾದರಕ್ಷೆ

ನೈಲಾನ್, ಪಾಲಿಯೆಸ್ಟರ್ ಮುಂತಾದ ಕೃತಕ ನೂಲಿನ ಬಟ್ಟೆಗಳು ಸುಕ್ಕುಗಟ್ಟುವುದಿಲ್ಲವೆಂಬ ಕಾರಣಕ್ಕೆ ಪ್ರಯಾಣಿಕರಿಗೆ ಪ್ರಿಯ. ಆದರೆ ಬೆಂಕಿಯ ಶಾಖಕ್ಕೆ ಅವು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗುವುದಿಲ್ಲ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ಕೈಕಾಲುಗಳನ್ನು ಪೂರ್ತಿ ಮುಚ್ಚುವ ಸಹಜ ನೂಲಿನ ಬಟ್ಟೆ ಧರಿಸಬೇಕೆಂದು ವಿಮಾನ ಸುರಕ್ಷತಾ ತಜ್ಞರು ಹೇಳುವುದು ಈ ದೃಷ್ಟಿಯಿಂದಲೇ. ಚಡ್ಡಿ ಧರಿಸಿ ಮಲಗುವವರು ಇದನ್ನು ಗಮನಿಸಬೇಕು.

2 ಜನವರಿ 2024ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನವು ಕರಾವಳಿ ರಕ್ಷಣಾ ಪಡೆಯ ಸಣ್ಣ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಸಣ್ಣ ವಿಮಾನದ ಆರು ಮಂದಿಯಲ್ಲಿ ಐವರು ಮೃತಪಟ್ಟರು. ದೊಡ್ಡ ವಿಮಾನದಲ್ಲಿದ್ದ 379 ಮಂದಿಯೂ ಕೈಚೀಲಗಳನ್ನು ಬಿಟ್ಟು, ಗಾಳಿ ತುಂಬಿದ ಜಾರುಬಂಡೆಗಳ ಮೂಲಕ ಇಳಿದು ಪಾರಾದರು. ವಿಮಾನ ಪೂರ್ತಿ ಸುಟ್ಟುಹೋಯಿತು. ಅವರೊಂದಿಗೆ ಉಳಿದದ್ದು ಮೈಮೇಲೆ ಇದ್ದದ್ದು ಮಾತ್ರ, ಅದೂ ಜನವರಿಯ ಚಳಿಯ ಸಂಜೆಯಲ್ಲಿ.

ಈ ಘಟನೆಯಿಂದ ಎರಡು ವಿಷಯಗಳು ಹೊರಡುತ್ತವೆ. ಮೊದಲನೆಯದು, ವಿಮಾನ ಮೇಲೇರುವಾಗ ಮತ್ತು ಇಳಿಯುವಾಗ ಕಾಲಲ್ಲಿ ಲೇಸಿನಿಂದಲೋ ಪಟ್ಟಿಯಿಂದಲೋ ಕಟ್ಟಿದ ಪಾದರಕ್ಷೆ ಇರಬೇಕು. ಹವಾಯಿ ಚಪ್ಪಲಿ ಓಡುವಾಗ ಉಳಿಯದು. ಮಧ್ಯದ ಗಂಟೆಗಳಲ್ಲಿ ಬಿಚ್ಚಿಡಬಹುದು, ಆದರೆ ಲೇಸನ್ನು ಪೂರ್ತಿ ಸಡಿಲಗೊಳಿಸಿಟ್ಟಿರಬೇಕು. ಊದಿದ ಪಾದ ಬೆಳಗಿನ ಹೊತ್ತು ಹೊಸ ಚರ್ಮದ ಬೂಟಿನೊಳಗೆ ಹೋಗಲೊಲ್ಲದು. ಬರಿಗಾಲುಚೀಲದಲ್ಲಿ ಶೌಚಾಲಯಕ್ಕೆ ಹೋಗುವ ಅಭ್ಯಾಸ ಅನೇಕರಿಗಿದೆ. ಅಲ್ಲಿನ ನೆಲದ ಒದ್ದೆ ಯಾವಾಗಲೂ ನೀರಿನದೇ ಆಗಿರುವುದಿಲ್ಲವೆಂದಷ್ಟೇ ಹೇಳಿದರೆ ಸಾಕು.

ಎರಡನೆಯದು ಕಿಸೆ. ಪಾಸ್‌ಪೋರ್ಟ್, ಒಂದು ಬ್ಯಾಂಕ್ ಕಾರ್ಡು, ಸ್ವಲ್ಪ ವಿದೇಶಿ ನಗದು ಇವು ನಿದ್ರೆಯ ಉಡುಪಿನ ಕಿಸೆಯಲ್ಲಿಯೇ, ಜಿಪ್ಪು ಹಾಕಿದ ಸ್ಥಿತಿಯಲ್ಲಿ ಇರಬೇಕು. ಸಿದ್ಧ ಪೈಜಾಮಗಳಲ್ಲಿ ಇಂತಹ ಕಿಸೆ ವಿರಳ. ಊರಿನ ದರ್ಜಿಯಿಂದ ಒಳಭಾಗದಲ್ಲಿ ಒಂದನ್ನು ಹೊಲಿಸಿಕೊಳ್ಳುವುದು ಅರ್ಧ ಗಂಟೆಯ ಕೆಲಸ. ಮೊಬೈಲನ್ನು ಸಡಿಲ ಕಿಸೆಯಲ್ಲಿಟ್ಟು ಮಲಗಿದರೆ ಅದು ಆಸನದ ಸಂದಿಗೆ ಜಾರುತ್ತದೆ. ಹಾಗಾದಾಗ ಆಸನವನ್ನು ಅತ್ತಿತ್ತ ಸರಿಸಿ ಹುಡುಕಬಾರದು. ಜಜ್ಜಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದಾದ್ದರಿಂದ ಸಿಬ್ಬಂದಿಯನ್ನೇ ಕರೆಯಬೇಕು.

ಪಂಚೆ, ಲುಂಗಿಗಳ ಬಗ್ಗೆ ಒಂದು ಮಾತು. ಮನೆಯ ನಿದ್ರೆಗೆ ಅವುಗಳಷ್ಟು ಹಿತವಾದ ಉಡುಪು ಇನ್ನೊಂದಿಲ್ಲವೆಂಬುದು ನಿಜ. ಆದರೆ ಕುಳಿತೇ ಮಲಗುವಲ್ಲಿ ಅದು ಸರಿದು, ಸಡಿಲಗೊಂಡು, ಓಡಬೇಕಾದ ಹೊತ್ತಿನಲ್ಲಿ ಕಾಲಿಗೆ ಸಿಲುಕುತ್ತದೆ. ಸೀರೆಯೂ ಹಾಗೆಯೇ, ಅದರಲ್ಲೂ ಸಿಂಥೆಟಿಕ್ ಸೀರೆಗೆ ಮೇಲೆ ಹೇಳಿದ ಬೆಂಕಿಯ ದೋಷವೂ ಸೇರುತ್ತದೆ, ಪಿನ್ನುಗಳು ಚುಚ್ಚುವುದು ಬೇರೆ. ಮಹಿಳಾ ಉದ್ಯಮಿಗಳಿಗೆ ಸಡಿಲವಾದ ಹತ್ತಿಯ ಚೂಡಿದಾರ್ ಅಥವಾ ಸಲ್ವಾರ್ ಯೋಗ್ಯ. ಮೇಳದ ಸೀರೆ ಕೈಚೀಲದಲ್ಲಿರಲಿ. ಪಾದಗಳಂತೆ ಬೆರಳುಗಳೂ ಊದುವುದರಿಂದ ಬಿಗಿಯಾದ ಉಂಗುರ, ಬಳೆಗಳನ್ನು ಮನೆಯಲ್ಲಿಯೇ ತೆಗೆದಿಡುವುದು ಒಳ್ಳೆಯದು. ಮಂಕಿ ಕ್ಯಾಪ್ ನೋಡಿ ನಗುವವರು ನಗಲಿ. ತಲೆಯ ಮೇಲಿನ ಗಾಳಿಕಿಂಡಿಗೆ ಅದು ತಕ್ಕ ಉತ್ತರವೇ.

ಎರಡನೆಯ ಜೊತೆ

ನಿದ್ರೆಗೆ ಪ್ರತ್ಯೇಕ ಉಡುಪು ಎಂದ ಮೇಲೆ ವ್ಯವಹಾರದ ಉಡುಪು ಎಲ್ಲಿರಬೇಕೆಂಬ ಪ್ರಶ್ನೆ ಬರುತ್ತದೆ. ಉತ್ತರ ಒಂದೇ: ಕೈಚೀಲದಲ್ಲಿ. ಒಂದು ಪ್ಯಾಂಟು, ಒಂದು ಅಂಗಿ, ಒಳ ಉಡುಪು, ಕಾಲುಚೀಲ ಇಷ್ಟನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ ಇಟ್ಟರೆ ಒಂದೂವರೆ ಕಿಲೋ ಮೀರದು. ಹಲವು ಸೇವೆಗಳಲ್ಲಿ ಕೈಚೀಲದ ಮಿತಿ 7 ಅಥವಾ 8 ಕಿಲೋ. ಚಳಿಗಾಲದ ಭಾರವಾದ ಕೋಟನ್ನು ತೊಟ್ಟುಕೊಂಡೋ ತೋಳಿನ ಮೇಲೆ ಹಾಕಿಕೊಂಡೋ ಹೋದರೆ ಅದು ಸಾಮಾನ್ಯವಾಗಿ ತೂಕಕ್ಕೆ ಬರುವುದಿಲ್ಲ, ರಾತ್ರಿ ಎರಡನೆಯ ಹೊದಿಕೆಯೂ ಆಗುತ್ತದೆ. ಬಟ್ಟೆ ಬದಲಾಯಿಸುವುದನ್ನು ಇಳಿಯುವ ಎರಡು ಗಂಟೆ ಮೊದಲು, ಬೆಳಗಿನ ತಿಂಡಿ ಹಂಚುವ ಮುನ್ನವೇ ಮುಗಿಸಬೇಕು. ತಿಂಡಿಯ ನಂತರ ಶೌಚಾಲಯದ ಮುಂದೆ ನಿಲ್ಲುವ ಸಾಲು ನ್ಯಾಯಬೆಲೆ ಅಂಗಡಿಯ ಸಾಲನ್ನು ನೆನಪಿಗೆ ತರುತ್ತದೆ. ತಿಂಡಿ ಚೆಲ್ಲೀತೆಂಬ ಭಯವಿದ್ದವರು ನಿಲ್ದಾಣದಲ್ಲಿ ಇಳಿದೇ ಬದಲಾಯಿಸಬಹುದು. ಹಲವು ದೊಡ್ಡ ನಿಲ್ದಾಣಗಳಲ್ಲಿ ಹಣ ತೆತ್ತು ಸ್ನಾನ ಮಾಡುವ ಅನುಕೂಲವೂ ಇದೆ.

ಸೂಟನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಕಳುಹಿಸುವವರು ಪೆಟ್ಟಿಗೆ ತಮ್ಮೊಂದಿಗೇ ಬರುತ್ತದೆಂದು ನಂಬಿರುತ್ತಾರೆ. ಮಧ್ಯದಲ್ಲಿ ವಿಮಾನ ಬದಲಿಸುವ ಪ್ರಯಾಣಗಳಲ್ಲಿ ಆ ನಂಬಿಕೆ ಅನೇಕ ಸಲ ಹುಸಿಯಾಗುತ್ತದೆ. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣ ಬಿಡುವ ಮೊದಲೇ ಲಿಖಿತ ದೂರು ಕೊಟ್ಟು ಅದರ ಪ್ರತಿಯನ್ನು ಪಡೆಯಬೇಕು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯವಾಗುವ ಮಾಂಟ್ರಿಯಲ್ ಒಪ್ಪಂದದಡಿ ಸಾಮಾನಿನ ನಷ್ಟ, ಹಾನಿ ಅಥವಾ ವಿಳಂಬಕ್ಕೆ ವಿಮಾನ ಸಂಸ್ಥೆಯ ಹೊಣೆಯ ಗರಿಷ್ಠ ಮಿತಿಯನ್ನು 28 ಡಿಸೆಂಬರ್ 2024ರಿಂದ ಪ್ರತಿ ಪ್ರಯಾಣಿಕರಿಗೆ 1,519 ಎಸ್‌ಡಿಆರ್‌ಗೆ ಏರಿಸಲಾಗಿದೆ. ರೂಪಾಯಿಯಲ್ಲಿ ಇದು ಒಂದೂಮುಕ್ಕಾಲು ಲಕ್ಷದ ಆಸುಪಾಸು. ಇದು ಗರಿಷ್ಠ ಮಿತಿಯೇ ಹೊರತು ತಾನಾಗಿ ಕೈಗೆ ಬರುವ ಮೊತ್ತವಲ್ಲ. ತುರ್ತಿಗೆ ಕೊಂಡ ಅಂಗಿ, ಪ್ಯಾಂಟುಗಳ ರಸೀದಿಗಳನ್ನು ಜೋಪಾನವಾಗಿಡಬೇಕು. ವಿಳಂಬದ ಬಗ್ಗೆ ಲಿಖಿತ ಹಕ್ಕೊತ್ತಾಯವನ್ನು ಸಾಮಾನು ಕೈಸೇರಿದ 21 ದಿನಗಳೊಳಗೆ, ಹಾನಿಯ ಬಗ್ಗೆ 7 ದಿನಗಳೊಳಗೆ ಸಲ್ಲಿಸಬೇಕು. ಈ ಗಡುವು ಮೀರಿದರೆ ಹಕ್ಕು ಹೋದಂತೆಯೇ.

ಲೆಕ್ಕಪುಸ್ತಕದಲ್ಲಿ

ಇಷ್ಟೆಲ್ಲ ವ್ಯವಹಾರದ ಹಿತಕ್ಕೆಂದು ಕೊಂಡ ಪೈಜಾಮವನ್ನು ಮೇಳದ ವೆಚ್ಚದ ಖಾತೆಗೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಲು ಬರುವುದಿಲ್ಲ. ಟಿಕೆಟ್ಟು, ವಸತಿ, ಮಳಿಗೆಯ ಬಾಡಿಗೆ ಸಂಪೂರ್ಣವಾಗಿ ವ್ಯವಹಾರಕ್ಕಾಗಿಯೇ ಆದ ವೆಚ್ಚಗಳು. ಮಾಲೀಕರ ಸ್ವಂತ ಬಟ್ಟೆ ಮಾತ್ರ ವೈಯಕ್ತಿಕ ವೆಚ್ಚ. 1961ರ ಆದಾಯ ತೆರಿಗೆ ಕಾಯಿದೆಯ 37(1)ನೇ ಕಲಮು ಅಂತಹ ವೆಚ್ಚವನ್ನು ಹೊರಗಿಟ್ಟಿದೆ. 1 ಏಪ್ರಿಲ್ 2026 ಜಾರಿಯ ದಿನವಾಗಿರುವ 2025ರ ಹೊಸ ಕಾಯಿದೆಯೂ ಈ ತತ್ವವನ್ನು ಬಿಟ್ಟಿಲ್ಲ. ಜಿಎಸ್‌ಟಿಯಲ್ಲಿಯೂ ವೈಯಕ್ತಿಕ ಬಳಕೆಯ ಸರಕಿನ ಮೇಲೆ ತೆತ್ತ ತೆರಿಗೆಯ ಜಮಾ ದೊರೆಯದು.

ಈ ವಿಷಯದಲ್ಲಿ ಇಂಗ್ಲೆಂಡಿನ ಒಂದು ಪ್ರಕರಣ ಸ್ವಾರಸ್ಯಕರವಾಗಿದೆ. ಮ್ಯಾಲಲ್ಯೂ ವಿರುದ್ಧ ಡ್ರಮಂಡ್ ಎಂಬ ಆ ಮೊಕದ್ದಮೆಯಲ್ಲಿ ಒಬ್ಬ ಮಹಿಳಾ ಬ್ಯಾರಿಸ್ಟರ್, ತಾವು ನ್ಯಾಯಾಲಯಕ್ಕೆಂದೇ ಕಪ್ಪು ಬಟ್ಟೆ ಕೊಳ್ಳುವುದಾಗಿಯೂ ಇಲ್ಲದಿದ್ದರೆ ಅದನ್ನು ತೊಡುತ್ತಲೇ ಇರಲಿಲ್ಲವೆಂದೂ ವಾದಿಸಿ ಆ ವೆಚ್ಚದ ಕಡಿತ ಕೋರಿದರು. 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರಸ್ಕರಿಸಿತು. ಮೈ ಬೆಚ್ಚಗಿಡುವುದು, ಮಾನ ಮುಚ್ಚುವುದು ಎಂಬ ಸ್ವಂತ ಉದ್ದೇಶಗಳೂ ಆ ಬಟ್ಟೆಯಿಂದ ಈಡೇರುತ್ತವೆ ಎಂಬುದು ತೀರ್ಪಿನ ಸಾರ. ನ್ಯಾಯಾಲಯದ ಕಪ್ಪು ಬಟ್ಟೆಗೇ ಸಿಗದ ರಿಯಾಯಿತಿ ನಿದ್ರೆಯ ಪೈಜಾಮಕ್ಕೆ ಸಿಗುವುದೆಂದು ಆಶಿಸುವುದು ವ್ಯರ್ಥ. ಮಳಿಗೆಯಲ್ಲಿ ನಿಲ್ಲುವ ನೌಕರರಿಗೆ ಸಂಸ್ಥೆಯ ಹೆಸರು ಮುದ್ರಿಸಿ ಕೊಡುವ ಸಮವಸ್ತ್ರದ ಮಾತು ಬೇರೆ. ಅದು ವ್ಯವಹಾರದ ವೆಚ್ಚವೇ. ವಿಳಂಬವಾದ ಪೆಟ್ಟಿಗೆಗೆ ವಿಮಾನ ಸಂಸ್ಥೆಯಿಂದ ಪರಿಹಾರ ಬಂದಾಗ ಮಾಲೀಕರ ಬಟ್ಟೆಯ ಪಾಲನ್ನೂ ಮಾದರಿ ಸರಕಿನ ಪಾಲನ್ನೂ ಬೇರ್ಪಡಿಸಿ ಬರೆದಿಡಬೇಕು. ಮೊದಲನೆಯದು ಮಾಲೀಕರ ಸ್ವಂತ ಖಾತೆಗೆ, ಎರಡನೆಯದು ವ್ಯಾಪಾರದ ಖಾತೆಗೆ ಸೇರತಕ್ಕದ್ದು.